ವಾರ್ಷಿಕ ಪ್ರಶಸ್ತಿ: ಯೋಜನಾ ನಿರ್ವಾಹಕರ ಹಾಗೂ ಸ್ವಯಂಸೇವಕರ ಸಾಧನೆಯನ್ನು ಅಳೆಯುವ ಬಗೆ

ಉತ್ತಮ ರಫ್ತುದಾರರನ್ನೂ ಉತ್ತಮ ಉದ್ಯಮಿಗಳನ್ನೂ ಗೌರವಿಸುವ ಪರಿಪಾಠ ವಾಣಿಜ್ಯೋದ್ಯಮ ಸಂಸ್ಥೆಗಳಿಗೆ ಹೊಸದಲ್ಲ. ಆದರೆ ಕಾರ್ಖಾನೆಯ ವಿಸ್ತರಣೆಯನ್ನೋ ಗೋದಾಮಿನ ನಿರ್ಮಾಣವನ್ನೋ ನಿಗದಿತ ಅವಧಿ ಮತ್ತು ವೆಚ್ಚದೊಳಗೆ ಮುಗಿಸಿಕೊಡುವ ಯೋಜನಾ ನಿರ್ವಾಹಕರ ಹೆಸರು ಉದ್ಘಾಟನಾ ಫಲಕದಲ್ಲಿ ಕಾಣಿಸುವುದು ಅಪರೂಪ. ಅವರಿಗೊಂದು ವಾರ್ಷಿಕ ಪ್ರಶಸ್ತಿ ಇರಬೇಕೆಂಬುದು ಯೋಗ್ಯವಾದ ವಿಚಾರ. ಆದರೆ ಅಳತೆಗೋಲು ಸರಿಯಿಲ್ಲದಿದ್ದರೆ ಪ್ರಶಸ್ತಿಯು ಅರ್ಹರ ಉತ್ಸಾಹವನ್ನೇ ಕುಂದಿಸುತ್ತದೆ.

1969ರಲ್ಲಿ ಅಮೆರಿಕದಲ್ಲಿ ಸ್ಥಾಪನೆಯಾದ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ ಈ ವೃತ್ತಿಯ ಪ್ರಮುಖ ಸಂಸ್ಥೆ. 1984ರಿಂದ ಅದು ಪಿಎಂಪಿ ಅರ್ಹತಾಪತ್ರ ನೀಡುತ್ತಿದೆ. ಬೆಂಗಳೂರಿನದೂ ಸೇರಿದಂತೆ ಅದರ ಸ್ಥಳೀಯ ಶಾಖೆಗಳು ಬಹುಮಟ್ಟಿಗೆ ಸ್ವಯಂಸೇವಕರ ದುಡಿಮೆಯಿಂದ ನಡೆಯುತ್ತವೆ. ಯೋಜನೆಗೊಂದು ಪ್ರಶಸ್ತಿ, ವ್ಯಕ್ತಿಯ ಕೊಡುಗೆಗೆ ಮತ್ತೊಂದು ಎಂಬ ವಿಂಗಡಣೆ ಆ ಸಂಸ್ಥೆಯಲ್ಲಿ ಬೆಳೆದುಬಂದಿದೆ. ಈ ವಿಂಗಡಣೆ ನಮಗೂ ಅನುಕರಣೀಯ.

ಲೆಕ್ಕದ ಪುಸ್ತಕ ಹೇಳದಿರುವುದು

1 ಕೋಟಿ ರೂ. ಅಂದಾಜಿನ ಒಂದು ಯೋಜನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಪರಿಶೀಲನೆಯ ದಿನಕ್ಕೆ 60 ಲಕ್ಷ ರೂ. ಮೌಲ್ಯದ ಕೆಲಸ ಮುಗಿದಿರಬೇಕು. ಆ ದಿನದವರೆಗಿನ ಖರ್ಚೂ 60 ಲಕ್ಷ ರೂ. ಎಂದಾದರೆ ಆಯವ್ಯಯಕ್ಕೂ ವಾಸ್ತವ ಖರ್ಚಿಗೂ ವ್ಯತ್ಯಾಸವೇ ಕಾಣದು. ಆದರೆ ನಿಜವಾಗಿ ಮುಗಿದ ಕೆಲಸದ ಮೌಲ್ಯ ಕೇವಲ 48 ಲಕ್ಷ ರೂ. ಆಗಿದ್ದರೆ? ಅರ್ನ್ಡ್ ವ್ಯಾಲ್ಯೂ ಕ್ರಮದಂತೆ ಈ 48ನ್ನು ಖರ್ಚಾದ 60ರಿಂದ ಭಾಗಿಸಿದರೆ ವೆಚ್ಚ ಸೂಚ್ಯಂಕ 0.8; ಯೋಜಿತ 60ರಿಂದ ಭಾಗಿಸಿದರೆ ಅವಧಿ ಸೂಚ್ಯಂಕವೂ 0.8. ಸೂಚ್ಯಂಕ 1ಕ್ಕಿಂತ ಕಡಿಮೆಯಾದರೆ ಹಿನ್ನಡೆ ಎಂದರ್ಥ.

ಇಲ್ಲಿ ತೀರ್ಪುಗಾರರು ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಯೋಜನೆ ಮುಗಿದ ದಿನ ಎಲ್ಲ ಕೆಲಸವೂ ಪೂರ್ಣಗೊಂಡಿರುವುದರಿಂದ, ಎಷ್ಟೇ ತಡವಾಗಿದ್ದರೂ ಅವಧಿ ಸೂಚ್ಯಂಕ 1ಕ್ಕೆ ಬಂದು ನಿಲ್ಲುತ್ತದೆ. ಆದ್ದರಿಂದ ಕೊನೆಯ ವರದಿಯೊಂದನ್ನೇ ನಂಬದೆ, ನಡುವಿನ ಪ್ರತಿ ಹಂತದ ಅಂಕಿಗಳನ್ನೂ ಮುಕ್ತಾಯದ ದಿನಾಂಕವನ್ನೂ ಕೇಳಿ ಪಡೆಯತಕ್ಕದ್ದು.

ಎರಡನೆಯದಾಗಿ, ಪರಿಷ್ಕೃತ ಅಂದಾಜಿಗೆ ಹೋಲಿಸಿದರೆ ಯಾವ ಯೋಜನೆಯೂ ಸಕಾಲಿಕವೆನಿಸೀತು. ಮೂಲ ಅಂದಾಜು, ನಂತರದ ಪ್ರತಿ ಬದಲಾವಣೆ, ಅದಕ್ಕೆ ಕಾರಣ ಹಾಗೂ ಒಪ್ಪಿಗೆ ನೀಡಿದವರ ವಿವರ ಅರ್ಜಿಯೊಡನೆ ಇರಬೇಕು. ಕೊನೆಯ ತಿಂಗಳಲ್ಲಿ ಹಗಲಿರುಳು ಓಡಾಡಿ ಕೆಲಸ ಮುಗಿಸಿದವರು ಎಲ್ಲರ ಕಣ್ಣಿಗೆ ಬೀಳುತ್ತಾರೆ. ಅಂತಹ ಓಡಾಟವೇ ಬೇಕಾಗದಂತೆ ಮೊದಲೇ ಎಚ್ಚರ ವಹಿಸಿದವರನ್ನು ಕಡತಗಳಿಂದ ಮಾತ್ರವೇ ಗುರುತಿಸಲು ಸಾಧ್ಯ.

ಸ್ವಯಂಸೇವಕರ ವಿಷಯ

ಸಂಭಾವನೆಯಿಲ್ಲದ ಸೇವೆ ಖರ್ಚಿನ ಖಾತೆಯಲ್ಲಿ ಕಾಣುವುದಿಲ್ಲ. ಹಾಜರಿ ಪುಸ್ತಕದ ಗಂಟೆಗಳಷ್ಟೇ ಇದಕ್ಕೆ ಮಾನದಂಡವಾಗಲಾರವು. ಕೈಗೊಂಡ ಹೊಣೆಯನ್ನು ಪೂರೈಸಿದರೆ, ಮತ್ತೊಬ್ಬರನ್ನು ತರಬೇತುಗೊಳಿಸಿದರೆ, ಅವರು ಹೊಣೆ ಬಿಟ್ಟ ಮೇಲೂ ಆ ಕಾರ್ಯ ಮುಂದುವರಿಯಿತೆ ಎಂಬ ಮೂರು ಪ್ರಶ್ನೆಗಳು ಉಪಯುಕ್ತ.

ಪಾಲಿಸಬೇಕಾದ ಶಿಸ್ತು

ಮಾನದಂಡ ಮತ್ತು ಅಂಕಗಳ ಹಂಚಿಕೆಯನ್ನು ಅರ್ಜಿ ಕರೆಯುವ ಮೊದಲೇ ಪ್ರಕಟಿಸಬೇಕು. ಅರ್ಜಿದಾರರೊಡನೆ ವ್ಯವಹಾರ ಸಂಬಂಧವುಳ್ಳವರು ತೀರ್ಪಿನಿಂದ ದೂರವಿರಬೇಕು. ಹಾಲಿ ಪದಾಧಿಕಾರಿಗಳನ್ನು ಸ್ಪರ್ಧೆಯಿಂದ ಹೊರಗಿಡುವುದು ಲೇಸು. ಅರ್ಹರಿಲ್ಲದ ವರ್ಷ ಪ್ರಶಸ್ತಿಯನ್ನು ತಡೆಹಿಡಿಯುವ ಅಧಿಕಾರವೂ ಸಮಿತಿಗಿರಲಿ. ಕಂಪನಿಗಳು ತಮ್ಮ ನೌಕರರಿಗೆ ನೀಡುವ ನಗದು ಬಹುಮಾನವು ವೇತನವೆಂದೇ ತೆರಿಗೆಗೆ ಒಳಪಡುತ್ತದೆ; ಉಡುಗೊರೆಯಾಗಿ ಕೊಟ್ಟ ವಸ್ತುಗಳ ಜಿಎಸ್‌ಟಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯುವುದಿಲ್ಲ.

ಪ್ರಶಸ್ತಿಯ ಫಲಕಕ್ಕೆ ತಗಲುವ ವೆಚ್ಚ ಅಲ್ಪ. ಅದಕ್ಕೆ ಬೆಲೆ ಬರುವುದು ಅದರ ಹಿಂದಿರುವ ಪರಿಶೀಲನೆಯಿಂದ. ಗೆದ್ದವರ ಹೆಸರಿನೊಡನೆ ಆಯ್ಕೆಯ ಕಾರಣಗಳನ್ನೂ ಪ್ರಕಟಿಸಿದಲ್ಲಿ, ಪ್ರಶಸ್ತಿ ದೊರೆಯದ ಸದಸ್ಯರಿಗೂ ಮುಂದಿನ ಯೋಜನೆಗೆ ಒಂದು ಪಾಠ ದೊರೆತಂತಾಗುತ್ತದೆ.