ತಾಯಿಯ ದಣಿವು: ಮುಪ್ಪೋ, ಕಾಯಿಲೆಯೋ?

ನಿಮ್ಮ ಮನೆಯ ಹಿರಿಯಾಕೆ ನಿಂತು ನಮಾಝ್ ಮಾಡುವುದನ್ನು ಬಿಟ್ಟು ಕುಳಿತು ಮಾಡತೊಡಗಿದ್ದು ಯಾವಾಗಿನಿಂದ? ನೆನಪಿಸಿಕೊಳ್ಳಿ. ನಿಲ್ಲಲಾಗದವರು ಕುಳಿತು, ಅದೂ ಆಗದವರು ಮಲಗಿ ನಮಾಝ್ ನಿರ್ವಹಿಸಬಹುದೆಂದು ಪ್ರವಾದಿ(ಸ)ರು ಇಮ್ರಾನ್ ಬಿನ್ ಹುಸೈನ್(ರ)ರಿಗೆ ತಿಳಿಸಿದ್ದರು. ಇಮ್ರಾನ್(ರ)ರು ಕೇಳಿದ್ದು ತಮಗಿದ್ದ ಮೂಲವ್ಯಾಧಿಯ ಕಾರಣದಿಂದ. ಅಂದರೆ ಆ ರಿಯಾಯಿತಿಯ ಹಿಂದೆ ಒಂದು ಕಾಯಿಲೆಯ ವಿಚಾರಣೆ ಇತ್ತು. ನಾವಾದರೋ ತಾಯಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟು ಸುಮ್ಮನಾಗುತ್ತೇವೆ. ಏಕೆ ನಿಲ್ಲಲಾಗುತ್ತಿಲ್ಲ ಎಂದು ಕೇಳುವುದಿಲ್ಲ.

ಮುಪ್ಪಿನಲ್ಲಿ ಶಕ್ತಿ ಕುಂದುವುದು ನಿಜ. ದೌರ್ಬಲ್ಯದಿಂದ ಶಕ್ತಿಗೆ, ಶಕ್ತಿಯಿಂದ ಮತ್ತೆ ದೌರ್ಬಲ್ಯಕ್ಕೆ ಮನುಷ್ಯನು ಸಾಗುವುದನ್ನು ಸೂರಃ ಅರ್ರೂಮ್‌ನ 54ನೇ ವಚನ ತಿಳಿಸುತ್ತದೆ. ಚಿಕಿತ್ಸೆ ಪಡೆಯಬೇಕೆ ಎಂದು ಕೇಳಿದವರಿಗೆ ಪ್ರವಾದಿ(ಸ)ರು, ಪಡೆಯಿರಿ, ಮುಪ್ಪೊಂದನ್ನು ಬಿಟ್ಟು ಪ್ರತಿ ರೋಗಕ್ಕೂ ಮದ್ದಿದೆ ಎಂಬ ಅರ್ಥದ ಉತ್ತರ ಕೊಟ್ಟರು. ಇದನ್ನು ವರದಿ ಮಾಡಿದವರು ಉಸಾಮಾ ಬಿನ್ ಶರೀಕ್(ರ). ನಮ್ಮಲ್ಲಿ ಅನೇಕರು ಈ ಹದೀಸ್‌ನ ಬಾಲವನ್ನು ಮಾತ್ರ ಹಿಡಿದಿದ್ದಾರೆ. ಅರವತ್ತು ದಾಟಿದ ಹೆಂಗಸಿಗೆ ಏನೇ ಆದರೂ ‘ವಯಸ್ಸಾಯಿತಲ್ಲ’ ಎಂಬ ಒಂದೇ ಮಾತು!

ವಿಜಯಪುರದ ಓಣಿಗಳಲ್ಲಾಗಲಿ, ತಿಕೋಟಾ, ಬಬಲೇಶ್ವರದ ಹಳ್ಳಿಗಳಲ್ಲಾಗಲಿ ಹಿರಿಯ ಹೆಂಗಸರು ರೋಗದ ಹೆಸರು ಹೇಳುವುದಿಲ್ಲ. ‘ಕಮ್ಜೋರಿ’ ಎನ್ನುತ್ತಾರೆ, ‘ಕೈಕಾಲಾಗ ಜೀವಾ ಇಲ್ಲ’ ಎನ್ನುತ್ತಾರೆ. ಮಗನಿಗೆ ಕನಿಕರ ಬಂದರೆ ಒಂದು ಸಲಾಯಿನ್ ಹಚ್ಚಿಸಿಕೊಂಡು ಬರುತ್ತಾನೆ. ಅರ್ಧ ಲೀಟರಿನ ಸಾಧಾರಣ ಗ್ಲುಕೋಸ್ ಬಾಟಲಿಯಲ್ಲಿರುವುದು 25 ಗ್ರಾಂ ಗ್ಲುಕೋಸ್, ಅಂದರೆ ಐದಾರು ಚಹಾ ಚಮಚ ಸಕ್ಕರೆಯಷ್ಟು. ಎರಡು ದಿನ ಹುರುಪು, ಮೂರನೆಯ ದಿನ ಅದೇ ದಣಿವು. ಸಕ್ಕರೆ ಕಾಯಿಲೆಯವರಿಗೆ ಇದರಿಂದ ಕೇಡೂ ಆಗಬಹುದು.

ಮೊದಲು ನೋಡಬೇಕಾದದ್ದು ರಕ್ತ. ಹೆಂಗಸರಲ್ಲಿ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕೆಳಗಿಳಿದರೆ ಅದು ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57ರಷ್ಟು ಮಂದಿಗೆ ಇದು ಇತ್ತು. ಐವತ್ತು ದಾಟಿದವರು ಆ ಲೆಕ್ಕದಲ್ಲೇ ಇಲ್ಲ ಎಂಬುದನ್ನು ಗಮನಿಸಿ. ಮುಟ್ಟು ನಿಂತ ಮೇಲೂ ಕಬ್ಬಿಣಾಂಶ ಕಡಿಮೆಯಾಗುತ್ತಿದ್ದರೆ ಊಟದ ಕೊರತೆ ಒಂದೇ ಕಾರಣವೆಂದು ಕೂರಬಾರದು. ಜಠರ, ಕರುಳುಗಳಲ್ಲಿ ರಕ್ತ ಸೋರುತ್ತಿದೆಯೇ ಎಂದು ಪರೀಕ್ಷಿಸಬೇಕು. ಮೊಣಕಾಲು ನೋವಿಗೆಂದು ಅಂಗಡಿಯಿಂದ ತಂದು ದಿನವೂ ನುಂಗುವ ಗುಳಿಗೆಗಳಿಂದಲೇ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುವುದುಂಟು. ಮಲ ಡಾಂಬರಿನಂತೆ ಕಪ್ಪಾದರೆ ಅಂದೇ ವೈದ್ಯರಲ್ಲಿಗೆ ಹೋಗಬೇಕು. ತಾಯಿ ಅದನ್ನು ಮಗನ ಮುಂದೆ ಹೇಳಲಾರಳು, ಮಗಳೋ ಸೊಸೆಯೋ ಕೇಳಬೇಕು. ತಿಕೋಟಾ ಭಾಗದಲ್ಲಿ ಒಣದ್ರಾಕ್ಷಿಗೆ ಬರವಿಲ್ಲ, ಸಕ್ಕರೆ ಕಾಯಿಲೆ ಇಲ್ಲದವರು ತಿನ್ನಲಿ. ಆದರೆ ಒಳಗೆ ಸೋರುವ ರಕ್ತವನ್ನು ಅದು ನಿಲ್ಲಿಸದು. ರೊಟ್ಟಿ-ಪಲ್ಯದ ಜೊತೆಗೇ ಚಹಾ ಕುಡಿದರೆ ಆಹಾರದ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಒಂದು ತಾಸು ಬಿಟ್ಟು ಕುಡಿಯಲಿ.

ಥೈರಾಯ್ಡ್ ಗ್ರಂಥಿ ಮಂದವಾದರೆ ದಣಿವಿನ ಜೊತೆ ಚಳಿ, ಮಲಬದ್ಧತೆ ಇರುತ್ತದೆ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಬಿ12 ಜೀವಸತ್ವ ಕಡಿಮೆಯಾಗಬಹುದು. ನಾಲ್ಕು ಮೆಟ್ಟಿಲಿಗೇ ಏದುಸಿರು, ಪಾದಗಳಲ್ಲಿ ಬಾವು ಕಂಡರೆ ಹೃದಯವನ್ನು ತೋರಿಸಿ. ಹೆಂಗಸರ ಹೃದ್ರೋಗ ಎದೆನೋವಿಲ್ಲದೆ ಬರಿಯ ದಣಿವಾಗಿಯೂ ಬರುತ್ತದೆ. ಗಂಡನನ್ನು ಕಳೆದುಕೊಂಡವಳ ಮೌನವೂ ದಣಿವಾಗಿ ಕಾಣಿಸಬಹುದು. ಅದೂ ಚಿಕಿತ್ಸೆಗೆ ಅರ್ಹವಾದ ಕಾಯಿಲೆಯೇ, ಈಮಾನಿನ ಕೊರತೆಯಲ್ಲ.

ವೈದ್ಯೆ ಸಿಗದಿದ್ದರೆ? ಯುದ್ಧಗಳಲ್ಲಿ ಗಾಯಾಳುಗಳನ್ನು ಉಪಚರಿಸಿದ್ದನ್ನು ರುಬಯ್ಯಿಅ್ ಬಿಂತ್ ಮುಅವ್ವಿಝ್(ರ) ಹೇಳಿದ್ದು ಬುಖಾರಿಯಲ್ಲಿದೆ. ಅನಿವಾರ್ಯವಿದ್ದಾಗ ಪುರುಷ ವೈದ್ಯರಿಗೆ ತೋರಿಸಲು ಧರ್ಮಶಾಸ್ತ್ರಜ್ಞರು ಅನುಮತಿ ನೀಡಿದ್ದಾರೆ. ಹೋಗುವಾಗ ಆಕೆ ಸೇವಿಸುವ ಎಲ್ಲ ಗುಳಿಗೆಗಳನ್ನೂ, ಹಕೀಮರ ಪುಡಿಯನ್ನೂ ಒಂದು ಚೀಲದಲ್ಲಿ ಒಯ್ಯಿರಿ.

ಇನ್ನು ರಮಝಾನ್ ಉಪವಾಸ. ಸೂರಃ ಅಲ್‌ಬಕರದ 184 ಮತ್ತು 185ನೇ ವಚನಗಳಲ್ಲಿ ರೋಗಿಗೆ ವಿನಾಯಿತಿ ಇದೆ. ಉಪವಾಸ ಬೇಡವೆಂದು ವೈದ್ಯರು ಹೇಳಿದ ಕೂಡಲೇ ಮಕ್ಕಳು ಫಿದ್ಯಾ ಕೊಟ್ಟು ಮುಗಿಸುವುದನ್ನು ಕಾಣುತ್ತೇವೆ. ಫಿದ್ಯಾ ಇರುವುದು ಗುಣವಾಗುವ ಆಸೆಯಿಲ್ಲದವರಿಗೆ, ಮುಪ್ಪಿನಿಂದ ಸೋತವರಿಗೆ. ರಕ್ತಹೀನತೆ ಗುಣವಾಗುವ ಕಾಯಿಲೆಯಾದ್ದರಿಂದ ಚೇತರಿಸಿಕೊಂಡ ಮೇಲೆ ಆ ಉಪವಾಸಗಳನ್ನು ಕಝಾ ಆಗಿ ಪೂರೈಸಬೇಕು. ತಾಯಿಯ ದಣಿವು ಮುಪ್ಪೋ ಕಾಯಿಲೆಯೋ ಎಂದು ತಿಳಿಯದೆ ಈ ಮಸ್‌ಅಲಾಕ್ಕೆ ಯಾವ ಆಲಿಮರೂ ಉತ್ತರಿಸಲಾರರು.