ಹಿರಿಯರ ಕೆಮ್ಮನ್ನು ಅಲಕ್ಷ್ಯ ಮಾಡಬಾರದು



ಮನೆಯಲ್ಲಿ ಅಜ್ಜನೋ ಅಜ್ಜಿಯೋ ಕೆಮ್ಮುತ್ತಿದ್ದರೆ ನಾವು ಏನೆನ್ನುತ್ತೇವೆ? "ವಯಸ್ಸಾಯಿತು, ಕೆಮ್ಮು ಇದ್ದದ್ದೇ" ಎನ್ನುತ್ತೇವೆ. ಇಲ್ಲವೆ ಬೀಡಿಯ ಕೆಮ್ಮು, ಒಲೆಯ ಹೊಗೆಯ ಕೆಮ್ಮು ಎನ್ನುತ್ತೇವೆ. ಶುಂಠಿ, ಮೆಣಸಿನ ಕಷಾಯ ಕಾಯಿಸಿಕೊಟ್ಟು ಸುಮ್ಮನಾಗುತ್ತೇವೆ. ಕಷಾಯ ಕುಡಿಯಲಿ, ತಪ್ಪಿಲ್ಲ. ಆದರೆ ಕೆಮ್ಮು ಎರಡು ವಾರ ದಾಟಿದರೆ ಅದನ್ನು ವಯಸ್ಸಿನ ಮೇಲೆ ಹಾಕಿ ಕೂಡುವುದು ಸರಿಯಲ್ಲ. ಅದು ಕ್ಷಯವಾಗಿರಬಹುದು.

ಕ್ಷಯ ಹೇಗೆ ಬರುತ್ತದೆ?

ಕ್ಷಯವು ಶಾಪವಲ್ಲ, ವಂಶದ ದೋಷವೂ ಅಲ್ಲ. ಅದು ಕಣ್ಣಿಗೆ ಕಾಣದ ಒಂದು ಕ್ರಿಮಿಯಿಂದ ಬರುವ ರೋಗ. ಜರ್ಮನಿಯ ವೈದ್ಯ ರಾಬರ್ಟ್ ಕೋಖ್ ಅವರು 1882ರಲ್ಲಿ ಈ ಕ್ರಿಮಿಯನ್ನು ಕಂಡುಹಿಡಿದರು. ಶ್ವಾಸಕೋಶದ ಕ್ಷಯವಿರುವವರು ಕೆಮ್ಮಿದಾಗ ಕ್ರಿಮಿಗಳು ಗಾಳಿಗೆ ಸೇರಿ, ಆ ಗಾಳಿಯನ್ನು ಉಸಿರಾಡಿದವರ ಎದೆಯನ್ನು ಹೊಗುತ್ತವೆ. ಹೊಕ್ಕ ಕ್ರಿಮಿ ಕೂಡಲೇ ರೋಗ ತರಬೇಕೆಂದಿಲ್ಲ. ಮಳೆಗೆ ಕಾಯುವ ಬೀಜದಂತೆ ವರ್ಷಗಟ್ಟಲೆ ಸುಮ್ಮನಿರಬಹುದು. ವಯಸ್ಸಾಗಿ ಶಕ್ತಿ ಕುಂದಿದಾಗ, ಸಕ್ಕರೆ ಕಾಯಿಲೆ ಬಂದಾಗ, ಹೊಟ್ಟೆಗೆ ಸಾಲದಾದಾಗ ಅದು ತಲೆಯೆತ್ತುತ್ತದೆ.

ಸಂಜೆಯ ಜ್ವರ, ರಾತ್ರಿಯ ಬೆವರು, ಕಫದಲ್ಲಿ ರಕ್ತ ಇವು ಕ್ಷಯದ ಗುರುತುಗಳು. ಹಿರಿಯರಲ್ಲಿ ಇವು ಎದ್ದು ಕಾಣದೆಯೂ ಇರಬಹುದು. ಅನ್ನ ಸೇರದಿರುವುದು, ಸುಸ್ತು, ಮೈ ಇಳಿಯುವುದು ಇಷ್ಟೇ ತೋರಬಹುದು. ಅಜ್ಜಿಯ ಬಳೆ ಮೊಣಕೈಗೆ ಜಾರುತ್ತಿದೆಯೇ, ಅಜ್ಜನ ಅಂಗಿ ಸಡಿಲವಾಗಿದೆಯೇ ಎಂದು ಮನೆಯವರು ಗಮನಿಸಬೇಕು.

ತುಮಕೂರು ಜಿಲ್ಲೆ ಕಲಿಸಿದ್ದು

ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಅಲ್ಲಿನವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯವಿದ್ದವರನ್ನು ವಿಚಾರಿಸಿ, ಕಂಡದ್ದನ್ನು 1963ರಲ್ಲಿ ಪ್ರಕಟಿಸಿದರು. ಹಳ್ಳಿಯವರು ಅಜ್ಞಾನಿಗಳು, ಆಸ್ಪತ್ರೆಗೆ ಬರುವುದಿಲ್ಲ ಎಂಬ ಮಾತು ಆಗ ಇತ್ತು. ಆದರೆ ಸುಮಾರು ಅರ್ಧದಷ್ಟು ರೋಗಿಗಳು ಆಗಲೇ ಚಿಕಿತ್ಸೆಗಾಗಿ ಹೋಗಿದ್ದರು. ರೋಗ ಪತ್ತೆಯಾಗದೆ, ಕೆಮ್ಮಿನ ಔಷಧಿಯ ಸೀಸೆ ಹಿಡಿದು ಮರಳಿದವರು ಅವರಲ್ಲಿದ್ದರು.

ಆದುದರಿಂದ ಆಸ್ಪತ್ರೆಗೆ ಹೋದರಷ್ಟೇ ಸಾಲದು. ಅಲ್ಲಿ ಏನು ಹೇಳಬೇಕೆಂಬುದೂ ಗೊತ್ತಿರಬೇಕು. "ಕೆಮ್ಮು" ಎಂದಷ್ಟೇ ಹೇಳಬೇಡಿ. "ಎರಡು ವಾರ ದಾಟಿದೆ, ಕಫ ಪರೀಕ್ಷೆ ಮಾಡಿಸಿಕೊಡಿ" ಎಂದು ಕೇಳಿ. ಕೇಳುವುದು ನಿಮ್ಮ ಹಕ್ಕು. ಸರ್ಕಾರಿ ಆಸ್ಪತ್ರೆಯಲ್ಲಿ ಈ ಪರೀಕ್ಷೆಗೂ ಔಷಧಿಗೂ ಹಣ ಕೊಡಬೇಕಿಲ್ಲ. ಹೋಗಲು ಕಷ್ಟವಾದರೆ ಆಶಾ ಕಾರ್ಯಕರ್ತೆಗೆ ತಿಳಿಸಿ.

ಪರೀಕ್ಷೆಗೆ ಬೇಕಾದದ್ದು ಎಂಜಲಲ್ಲ, ಎದೆಯ ಕಫ. ಬೆಳಿಗ್ಗೆ ಎದ್ದೊಡನೆ ನೀರಿನಿಂದ ಬಾಯಿ ಮುಕ್ಕಳಿಸಿ, ಬಯಲಲ್ಲಿ ನಿಂತು, ಎರಡು ಮೂರು ಸಲ ಆಳವಾಗಿ ಉಸಿರೆಳೆದು, ಎದೆಯಿಂದ ಕೆಮ್ಮಿ ಡಬ್ಬಿಗೆ ಹಾಕತಕ್ಕದ್ದು. ನಿಶ್ಶಕ್ತರಾದ ಹಿರಿಯರಿಗೆ ಇದು ಸುಲಭವಲ್ಲ. ಪಕ್ಕದಲ್ಲಿ ನಿಂತು ಧೈರ್ಯ ಹೇಳಿ.

ಔಷಧಿಯ ಕ್ರಮ

ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಔಷಧಿ. ಒಂದೆರಡು ತಿಂಗಳಲ್ಲೇ ಕೆಮ್ಮು ನಿಂತು ಮೈ ತುಂಬಿಕೊಳ್ಳಬಹುದು. ಆಗ ಗುಳಿಗೆ ಬಿಡಕೂಡದು. ಬಿಟ್ಟರೆ ಉಳಿದ ಕ್ರಿಮಿಗಳು ಔಷಧಿಗೆ ಬಗ್ಗದಂತಾಗಬಹುದು. ಗುಳಿಗೆಯಿಂದ ಮೂತ್ರ ಕೆಂಪಗೆ, ಕಿತ್ತಳೆ ಬಣ್ಣಕ್ಕೆ ತಿರುಗುವುದುಂಟು, ಹೆದರಬೇಕಾಗಿಲ್ಲ. ಆದರೆ ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಂಜಾದರೆ ಅದೇ ದಿನ ವೈದ್ಯರಿಗೆ ತೋರಿಸಿ. ರಕ್ತದೊತ್ತಡ, ಸಕ್ಕರೆ ಕಾಯಿಲೆಗೆ ತೆಗೆದುಕೊಳ್ಳುವ ಗುಳಿಗೆಗಳನ್ನೂ ಮೊದಲೇ ಚೀಲದಲ್ಲಿ ಒಯ್ದು ತೋರಿಸಿ. ವೈದ್ಯರು ಹೇಳಿದ್ದನ್ನು ಅಲ್ಲಿಯೇ ತಿರುಗಿ ಒಪ್ಪಿಸಿ, ಸರಿಯೇ ಎಂದು ಕೇಳಿಕೊಳ್ಳಿ.

ಚಿಕಿತ್ಸೆ ನಡೆಯುವಾಗ ಆಹಾರಕ್ಕಾಗಿ ಸರ್ಕಾರದ ನೆರವುಂಟು. 2018ರಲ್ಲಿ ತಿಂಗಳಿಗೆ 500 ರೂಪಾಯಿಯಿಂದ ಆರಂಭವಾದ ಇದನ್ನು 2024ರ ನವೆಂಬರಿನಿಂದ 1000 ರೂಪಾಯಿಗೆ ಏರಿಸಲಾಯಿತು. ಬ್ಯಾಂಕಿನ ಪಾಸ್ ಪುಸ್ತಕ ಒಯ್ಯಲು ಮರೆಯಬೇಡಿ.

ತಟ್ಟೆ ಬೇರೆ ಬೇಡ, ಗಾಳಿ ಬೇಕು

ಕ್ಷಯವೆಂದೊಡನೆ ಹಿರಿಯರಿಗೆ ತಟ್ಟೆ, ಲೋಟ ಬೇರೆ ಇಟ್ಟು, ಕತ್ತಲೆಯ ಕೋಣೆಗೆ ಹಾಕುವವರಿದ್ದಾರೆ. ಈ ಭಯದಿಂದಲೇ ಎಷ್ಟೋ ಹಿರಿಯರು ಕೆಮ್ಮನ್ನು ಸೆರಗಿನಲ್ಲಿ, ಟವೆಲಿನಲ್ಲಿ ಅಡಗಿಸುತ್ತಾರೆ. ತಟ್ಟೆ ಲೋಟದಿಂದ, ಮುಟ್ಟುವುದರಿಂದ ಕ್ಷಯ ಹರಡದು. ಕಿಟಕಿಯಿಲ್ಲದ ಕೋಣೆಯ ಗಾಳಿಯಿಂದ ಹರಡುತ್ತದೆ. ಆದುದರಿಂದ ಕಿಟಕಿ ಬಾಗಿಲು ತೆರೆದಿಡಿ. ಗಾಳಿ ಬೆಳಕಿರುವ ಕಡೆ ಹಾಸಿಗೆ ಹಾಕಿ. ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಲಿ. ಕಂಡಲ್ಲಿ ಉಗುಳುವುದು ಬೇಡ. ಸರಿಯಾದ ಔಷಧಿ ಶುರುವಾದ ಕೆಲವು ವಾರಗಳಲ್ಲಿ ರೋಗ ಹರಡುವುದು ಬಹಳ ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ಮೊಮ್ಮಕ್ಕಳನ್ನು ಪಕ್ಕದಲ್ಲಿ ಮಲಗಿಸಬೇಡಿ, ಮನೆಯವರೆಲ್ಲರೂ ಪರೀಕ್ಷೆ ಮಾಡಿಸಿಕೊಳ್ಳಿ.

ಮದರಾಸಿನಲ್ಲಿ 1956ರಲ್ಲಿ ಆರಂಭವಾದ ಅಧ್ಯಯನವು ಮನೆಯಲ್ಲಿದ್ದೇ ಔಷಧಿ ತೆಗೆದುಕೊಂಡವರೂ ಸ್ಯಾನಟೋರಿಯಮ್ಮಿನಲ್ಲಿದ್ದವರಂತೆ ಗುಣವಾಗುವರೆಂದು ತೋರಿಸಿತು. ಹಿರಿಯರನ್ನು ಮನೆಯಿಂದ ದೂರ ಮಾಡಬೇಕಾಗಿಲ್ಲ. ಅವರ ಗುಳಿಗೆ ತಪ್ಪದಂತೆ ನೋಡಿಕೊಂಡರೆ ಮನೆಯ ಮಕ್ಕಳಿಗೂ ಅದೇ ರಕ್ಷೆ.

ಓದಿದ ಮೇಲೆ ಉತ್ತರ ಹೇಳಿ

1. ಕೆಮ್ಮು ಎಷ್ಟು ದಿನ ದಾಟಿದರೆ ಕಫ ಪರೀಕ್ಷೆ ಮಾಡಿಸಬೇಕು?
2. ಕೆಮ್ಮು ನಿಂತ ಮೇಲೂ ಗುಳಿಗೆ ಏಕೆ ಬಿಡಕೂಡದು?
3. ನಿಮ್ಮ ಬೀದಿಯಲ್ಲಿ ಎರಡು ವಾರದಿಂದ ಕೆಮ್ಮುತ್ತಿರುವ ಹಿರಿಯರು ಯಾರು? ಅವರನ್ನು ಆಸ್ಪತ್ರೆಗೆ ಯಾರು ಕರೆದೊಯ್ಯುತ್ತೀರಿ?