ಹೊಲದ ಫೋಟೊ ಕಂಪ್ಯೂಟರ್‌ಗೆ ಹೋಗ್ತಿಲ್ವಾ? ಕಂಪ್ಯೂಟರ್ ತೆವಳ್ತಿದೆಯಾ? ಹೀಗೆ ಮಾಡಿ ನೋಡಿ

ಈ ವಾರ ಗೊಬ್ಬರ, ಕೀಟ, ಹನಿ ನೀರಾವರಿ ಎಲ್ಲ ಪಕ್ಕಕ್ಕಿಟ್ಟು ನಿಮ್ಮ ಮೊಬೈಲ್‌ನಲ್ಲಿರೋ ಹೊಲದ ಫೋಟೊಗಳ ಬಗ್ಗೆ ಮಾತಾಡೋಣ. ಬಿತ್ತನೆ, ಮೊಳಕೆ, ಹೂವು, ರೋಗ, ಕಟಾವು, ತೂಕದ ಚೀಟಿ ಎಲ್ಲದರ ಫೋಟೊ ನಾವು ತೆಗೀತೀವಿ. ಆದರೆ ಮೊಬೈಲ್ ನೀರಿಗೆ ಬಿದ್ದರೆ, ಕಳೆದುಹೋದರೆ, ಎರಡು ವರ್ಷದ ದಾಖಲೆ ಒಂದೇ ನಿಮಿಷದಲ್ಲಿ ಮಾಯ.

ಇದು ಬರೀ ನೆನಪಿನ ಪ್ರಶ್ನೆಯಲ್ಲ. ಸಾವಯವ ಪ್ರಮಾಣಪತ್ರ ಬೇಕು ಅಂದರೆ ಎನ್‌ಪಿಒಪಿ ನಿಯಮದಂತೆ ವಾರ್ಷಿಕ ಬೆಳೆಗೆ 2 ವರ್ಷ, ಬಹುವಾರ್ಷಿಕ ಬೆಳೆಗೆ 3 ವರ್ಷ ಪರಿವರ್ತನೆ ಅವಧಿ ಇರುತ್ತೆ. ಆ ಅವಧಿಯಲ್ಲಿ ಏನು ಹಾಕಿದ್ರಿ, ಯಾವಾಗ ಹಾಕಿದ್ರಿ ಅಂತ ಕೇಳಿದಾಗ ಹೊಲದ ಡೈರಿಯ ಜೊತೆ ತಾರೀಖು ಇರೋ ಫೋಟೊ ಇದ್ದರೆ ಮಾತಿಗೆ ತೂಕ ಬರುತ್ತೆ. ಆಲಿಕಲ್ಲು ಮಳೆಗೆ ಬೆಳೆ ಹಾಳಾದರೆ ಫಸಲ್ ಬಿಮಾ ಯೋಜನೆಯಲ್ಲಿ 72 ಗಂಟೆಯೊಳಗೆ ತಿಳಿಸಬೇಕು. ಆ ಮೂರು ದಿನದಲ್ಲಿ ಕೇಬಲ್ ಹುಡುಕ್ತಾ ಕೂರೋಕಾಗಲ್ಲ.

ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಸಾಕಲ್ವಾ?

ಸಾಲದು. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊ ಕುಗ್ಗುತ್ತೆ. 4 ಎಂಬಿ ಇದ್ದದ್ದು ಕೆಲವು ನೂರು ಕೆಬಿಗೆ ಇಳಿಯುತ್ತೆ. ಫೋಟೊ ಒಳಗೆ ಅಡಗಿರೋ ತಾರೀಖು, ಸಮಯ, ಜಾಗದ ಮಾಹಿತಿಯೂ ಅಳಿಸಿಹೋಗುತ್ತೆ.

ಮೆಣಸಿನಕಾಯಿ ಮುಟುರು ರೋಗವನ್ನೇ ತಗೊಳ್ಳಿ. ಥ್ರಿಪ್ಸ್ ಕಾಟವಾದರೆ ಎಲೆ ಮೇಲಕ್ಕೆ ಮುದುಡುತ್ತೆ, ಮೈಟ್ ನುಸಿಯಾದರೆ ಕೆಳಕ್ಕೆ. ಎಲೆಯ ಕೆಳಗಿರೋ ಸಣ್ಣ ಹುಳು ಕುಗ್ಗಿದ ಫೋಟೊದಲ್ಲಿ ಕಾಣೋದೇ ಇಲ್ಲ. ದಾಳಿಂಬೆಯ ದುಂಡಾಣು ಅಂಗಮಾರಿಯಲ್ಲಿ ಎಣ್ಣೆ ಬಿದ್ದಂಥ ಚುಕ್ಕೆ, ಅದರ ಸುತ್ತ ಹಳದಿ ಅಂಚು ಕಂಡರೆ ತಾನೇ ಗುರುತು ಹಿಡಿಯೋದು? ಫೋಟೊ ಮಸುಕಾದರೆ ಸಲಹೆಯೂ ಮಸುಕು. ತಪ್ಪು ಔಷಧಿಗೆ ದುಡ್ಡು ಹಾಕೋರು ನೀವೇ.

ತುರ್ತಾಗಿ ಕಳಿಸಲೇಬೇಕಾದರೆ ಅಟ್ಯಾಚ್ ಗುರುತು ಒತ್ತಿ, ಗ್ಯಾಲರಿ ಬದಲು "ಡಾಕ್ಯುಮೆಂಟ್" ಆರಿಸಿ, ಅಲ್ಲಿಂದ ಫೋಟೊ ಕಳಿಸಿ. ಮೂಲ ಫೋಟೊ ಇದ್ದ ಹಾಗೇ ಹೋಗುತ್ತೆ.

ಕೇಬಲ್ ಹಾಕಿದರೂ ಫೋನ್ ಕಾಣ್ತಿಲ್ಲ

ಹತ್ತರಲ್ಲಿ ಎಂಟು ಜನ ಕೇಳೋ ಪ್ರಶ್ನೆ ಇದು. ಆಂಡ್ರಾಯ್ಡ್ ಫೋನ್ ಮತ್ತು ವಿಂಡೋಸ್ ಕಂಪ್ಯೂಟರ್ ಇದ್ದರೆ ಈ ಕ್ರಮದಲ್ಲೇ ನೋಡ್ತಾ ಹೋಗಿ.

1. ಫೋನ್ ಲಾಕ್ ತೆಗೆಯಿರಿ. ಲಾಕ್ ಆಗಿದ್ದರೆ ಕಂಪ್ಯೂಟರ್‌ನಲ್ಲಿ ಫೋಲ್ಡರ್ ಖಾಲಿ ಕಾಣುತ್ತೆ.

2. ಫೋನಿನ ಮೇಲಿನಿಂದ ನೋಟಿಫಿಕೇಶನ್ ಎಳೆಯಿರಿ. "ಯುಎಸ್‌ಬಿ ಚಾರ್ಜಿಂಗ್" ಅಂತಿರುತ್ತೆ. ಅದನ್ನು ಒತ್ತಿ "ಫೈಲ್ ಟ್ರಾನ್ಸ್‌ಫರ್" ಆರಿಸಿ. ಮುಕ್ಕಾಲು ಪಾಲು ಸಮಸ್ಯೆ ಇಲ್ಲೇ ಮುಗಿಯುತ್ತೆ.

3. ಆ ಆಯ್ಕೆಯೇ ಬರದಿದ್ದರೆ ಕೇಬಲ್ ಬದಲಿಸಿ. ಕೆಲವು ಅಗ್ಗದ ಕೇಬಲ್‌ಗಳಲ್ಲಿ ಕರೆಂಟ್ ತಂತಿ ಮಾತ್ರ ಇರುತ್ತೆ, ಡೇಟಾ ತಂತಿ ಇರಲ್ಲ. ಚಾರ್ಜ್ ಆಗುತ್ತೆ, ಫೋಟೊ ಹೋಗಲ್ಲ. ಫೋನಿನ ಜೊತೆ ಬಂದ ಕೇಬಲ್ ಇದ್ದರೆ ಅದನ್ನೇ ಹಾಕಿ.

4. ಫೋನಿನ ಚಾರ್ಜಿಂಗ್ ತೂತು ನೋಡಿ. ಜೇಬಲ್ಲಿಟ್ಕೊಂಡು ಹೊಲ ಸುತ್ತೋರ ಫೋನಲ್ಲಿ ಮಣ್ಣು, ನೂಲು ಸೇರಿರುತ್ತೆ. ಫೋನ್ ಆಫ್ ಮಾಡಿ, ಮರದ ಕಡ್ಡಿಯಿಂದ ಹಗುರವಾಗಿ ತೆಗೆಯಿರಿ. ಸೂಜಿ, ಪಿನ್ನು ಬೇಡ.

5. ಡೆಸ್ಕ್‌ಟಾಪ್ ಆದರೆ ಮುಂದಿನ ಪೋರ್ಟ್ ಬಿಟ್ಟು ಹಿಂದಿನ ಪೋರ್ಟ್‌ಗೆ ಹಾಕಿ ನೋಡಿ. ಆಗಲೂ ಆಗದಿದ್ದರೆ ಫೋನ್, ಕಂಪ್ಯೂಟರ್ ಎರಡನ್ನೂ ಒಮ್ಮೆ ರೀಸ್ಟಾರ್ಟ್ ಮಾಡಿ.

ಕಾಪಿ ಮಾಡೋ ಸರಿಯಾದ ರೀತಿ

"ದಿಸ್ ಪಿಸಿ" ತೆರೆದು ನಿಮ್ಮ ಫೋನಿನ ಹೆಸರು, ಇಂಟರ್ನಲ್ ಸ್ಟೋರೇಜ್, ಡಿಸಿಐಎಂ, ಕ್ಯಾಮೆರಾ ಅಂತ ಒಳಗೆ ಹೋಗಿ. ಎರಡು ಸಾವಿರ ಫೋಟೊ ಒಂದೇ ಸಲ ಎಳೀಬೇಡಿ, ಮಧ್ಯದಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ಇನ್ನೂರು ಇನ್ನೂರಾಗಿ ಮಾಡಿ.

"ಕಟ್" ಮಾಡಲೇಬೇಡಿ, "ಕಾಪಿ" ಮಾಡಿ. ಮಧ್ಯದಲ್ಲಿ ಕರೆಂಟ್ ಹೋದರೆ, ಕೇಬಲ್ ಅಲುಗಾಡಿದರೆ, ಕಟ್ ಮಾಡಿದ್ದು ಅಲ್ಲೂ ಇಲ್ಲ ಇಲ್ಲೂ ಇಲ್ಲ ಅನ್ನೋ ಹಾಗಾಗಬಹುದು. ಕಾಪಿ ಮುಗಿದ ಮೇಲೆ ಎರಡೂ ಕಡೆ ಎಣಿಕೆ ಸರಿ ಇದೆಯಾ ನೋಡಿ. ನಾಲ್ಕೈದು ಫೋಟೊ ತೆರೆದು ನೋಡಿ. ಆಮೇಲೆ ಫೋನಿಂದ ಅಳಿಸಿ.

ಫೋಟೊ ಬಂತು, ಆದರೆ ತೆರೀತಿಲ್ಲ ಅಂದರೆ ಅದು ಎಚ್‌ಇಐಸಿ ಮಾದರಿಯಲ್ಲಿ ಇರಬಹುದು. ಐಫೋನ್ ಮತ್ತು ಕೆಲವು ಹೊಸ ಆಂಡ್ರಾಯ್ಡ್ ಫೋನ್‌ಗಳು ಜಾಗ ಉಳಿಸೋಕೆ ಹೀಗೆ ಸೇವ್ ಮಾಡ್ತವೆ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಜೆಪಿಇಜಿ ಅಥವಾ "ಮೋಸ್ಟ್ ಕಂಪ್ಯಾಟಿಬಲ್" ಆರಿಸಿದರೆ ಮುಂದೆ ತೆಗೆಯೋ ಫೋಟೊಗಳು ಎಲ್ಲ ಕಡೆ ತೆರೆಯುತ್ತವೆ.

ಫೋಲ್ಡರ್‌ಗೆ ಹೆಸರಿಡುವಾಗ ವರ್ಷ, ತಿಂಗಳು, ತಾರೀಖು, ಬೆಳೆ, ತಾಕು ಈ ಕ್ರಮ ಇರಲಿ. ಉದಾಹರಣೆಗೆ: 2025-07-12-ಟೊಮೆಟೊ-ಕೆಳಹೊಲ. ಹೀಗಿಟ್ಟರೆ ಕಂಪ್ಯೂಟರೇ ತಾರೀಖಿನ ಪ್ರಕಾರ ಜೋಡಿಸಿಕೊಡುತ್ತೆ. ಕಳೆದ ವರ್ಷ ಊಜಿ ನೊಣ ಯಾವ ವಾರ ಬಂತು ಅಂತ ಹುಡುಕೋದು ಸಲೀಸು.

ಗೂಗಲ್ ಫೋಟೋಸ್ ಬಳಸೋರಿಗೆ ಒಂದು ಎಚ್ಚರಿಕೆ

ಕೇಬಲ್ ಜಂಜಾಟ ಬೇಡ ಅನ್ನೋರಿಗೆ ಗೂಗಲ್ ಫೋಟೋಸ್ ಒಳ್ಳೆಯದೇ. ಉಚಿತವಾಗಿ ಸಿಗೋದು 15 ಜಿಬಿ, ಅದರಲ್ಲೇ ಜಿಮೇಲ್, ಡ್ರೈವ್ ಕೂಡ ಸೇರಿದೆ. ಬ್ಯಾಕಪ್ ಆದ ಮೇಲೆ ಫೋನ್ ಖಾಲಿ ಮಾಡೋಕೆ "ಫ್ರೀ ಅಪ್ ಸ್ಪೇಸ್" ಬಳಸಿ. ಅದು ಫೋನಿನ ಪ್ರತಿ ಮಾತ್ರ ತೆಗೆಯುತ್ತೆ. ಅದೇ ಆ್ಯಪ್‌ನಲ್ಲಿ ಸುಮ್ಮನೆ "ಡಿಲೀಟ್" ಒತ್ತಿದರೆ ಬ್ಯಾಕಪ್‌ನಿಂದಲೂ ಹೋಗುತ್ತೆ. ಬ್ಯಾಕಪ್ ಆಗಿದ್ದ ಫೋಟೊ 60 ದಿನ ಟ್ರ್ಯಾಶ್‌ನಲ್ಲಿರುತ್ತೆ, ಅಷ್ಟರೊಳಗೆ ವಾಪಸ್ ತರಬಹುದು.

ಇನ್ನು ತೆವಳೋ ಕಂಪ್ಯೂಟರ್

ನೀರು ಕಮ್ಮಿಯಾದರೂ ಗಿಡ ಬಾಡುತ್ತೆ, ನೀರು ಹೆಚ್ಚಾಗಿ ಬೇರು ಕೊಳೆತರೂ ಬಾಡುತ್ತೆ. ನೋಡದೇ ನೀರು ಬಿಟ್ಟರೆ ಎರಡನೇ ಗಿಡ ಸತ್ತೇ ಹೋಗುತ್ತೆ. ಕಂಪ್ಯೂಟರ್ ಕೂಡ ಹಾಗೇ. ಮೊದಲು ಕಾರಣ ಹುಡುಕಿ, ಆಮೇಲೆ ದುಡ್ಡು ಖರ್ಚು ಮಾಡಿ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತೆ. ಅಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಅಂತ ಮೂರು ಸಾಲು ನೋಡಿ.

ಡಿಸ್ಕ್ ಯಾವಾಗಲೂ 100ರ ಹತ್ತಿರ ಇದ್ದು ಉಳಿದೆರಡು ಕಮ್ಮಿ ಇದ್ದರೆ, ಹಳೇ ತಿರುಗೋ ಹಾರ್ಡ್ ಡಿಸ್ಕೇ ಸುಸ್ತಾಗಿರೋ ಸಾಧ್ಯತೆ ಹೆಚ್ಚು. ಎಸ್‌ಎಸ್‌ಡಿ ಹಾಕಿಸಿದರೆ ಅದೇ ಕಂಪ್ಯೂಟರ್ ಹೊಸದರ ಹಾಗೆ ಓಡುತ್ತೆ. ಡಿಸ್ಕ್‌ನಿಂದ ಟಕ್ ಟಕ್ ಸದ್ದು ಬರ್ತಿದ್ದರೆ ರಿಪೇರಿಗೆ ಮುಂಚೆ ಫೋಟೊಗಳನ್ನು ಬೇರೆಡೆ ಕಾಪಿ ಮಾಡಿ.

ಮೆಮೊರಿ 90 ದಾಟಿದ್ದರೆ ಬ್ರೌಸರ್‌ನಲ್ಲಿ ತೆರೆದಿಟ್ಟ ಪುಟಗಳನ್ನು ಮುಚ್ಚಿ. ಸ್ಟಾರ್ಟಪ್ ಭಾಗಕ್ಕೆ ಹೋಗಿ ಬೇಡದ ಪ್ರೋಗ್ರಾಂಗಳನ್ನು "ಡಿಸೇಬಲ್" ಮಾಡಿ. 4 ಜಿಬಿ ರ‍್ಯಾಮ್ ಇದ್ದರೆ 8ಕ್ಕೆ ಏರಿಸೋದು ಒಳ್ಳೆಯದು.

ಸಿಪಿಯು ಏರಿದ್ದರೆ ಪಟ್ಟಿಯ ಮೇಲೆ ಯಾವ ಹೆಸರಿದೆ ನೋಡಿ. ಎರಡೆರಡು ಆ್ಯಂಟಿವೈರಸ್ ಇದ್ದರೆ ಒಂದನ್ನು ತೆಗೆಯಿರಿ. ಅಪ್‌ಡೇಟ್ ನಡೀತಿದ್ದರೆ ಮುಗಿಯೋಕೆ ಬಿಡಿ.

ಮೂರೂ ಸರಿಯಿದ್ದರೆ ಸಿ ಡ್ರೈವ್ ನೋಡಿ. ಪಟ್ಟಿ ಕೆಂಪಾಗಿದ್ದರೆ ತುಂಬಿದೆ ಅಂತ. ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್, ಟೆಂಪರರಿ ಫೈಲ್ಸ್‌ಗೆ ಹೋಗಿ ಕಸ ತೆಗೆಯಿರಿ. ಆ ಪಟ್ಟಿಯಲ್ಲಿ "ಡೌನ್‌ಲೋಡ್ಸ್" ಕೂಡ ಇರುತ್ತೆ. ನಿಮ್ಮ ಪಹಣಿ, ರಸೀದಿ ಅದರಲ್ಲಿದ್ದರೆ ಟಿಕ್ ಹಾಕ್ಬೇಡಿ. ಡೆಸ್ಕ್‌ಟಾಪ್ ಮೇಲೆ ಸುರಿದ ಫೋಟೊಗಳೂ ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲೇ ಕೂತಿರುತ್ತವೆ, ಡಿ ಡ್ರೈವ್‌ಗೆ ಸರಿಸಿ.

ಹಳ್ಳಿ ಮನೆಯಲ್ಲಿ ಇನ್ನೊಂದು ಕಾರಣ ಧೂಳು. ಕಾಳು ಒಣಗಿಸೋ ಜಾಗದ ಪಕ್ಕ ಕಂಪ್ಯೂಟರ್ ಇದ್ದರೆ ಫ್ಯಾನಿಗೆ ಧೂಳು ಕಟ್ಟಿ, ಬಿಸಿಯಾಗಿ, ಅದು ತಾನಾಗೇ ನಿಧಾನವಾಗುತ್ತೆ. ಪ್ಲಗ್ ತೆಗೆದು, ಕ್ಯಾಬಿನೆಟ್ ಬಿಚ್ಚಿ, ಮೆತ್ತನೆ ಬ್ರಶ್‌ನಿಂದ ಒರೆಸಿ. ಕರೆಂಟ್ ಬಂದು ಹೋಗೋ ಊರಾದರೆ ಸಣ್ಣ ಯುಪಿಎಸ್ ಇರಲೇಬೇಕು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿದೆ. ಅದನ್ನೇ ಬಳಸ್ತಿರೋರು ಬ್ಯಾಂಕ್ ಕೆಲಸಕ್ಕೆ ಆ ಕಂಪ್ಯೂಟರ್ ನಂಬಬೇಡಿ. ಜೆರಾಕ್ಸ್ ಅಂಗಡಿಗೆ ಹೋಗಿಬಂದ ಪೆನ್‌ಡ್ರೈವ್ ಹಾಕಿದ ಕೂಡಲೇ ಸ್ಕ್ಯಾನ್ ಮಾಡಿ. ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿ ಕಂಡರೆ ವೈರಸ್ ಬಂದಿದೆ ಅಂತಲೇ ಲೆಕ್ಕ, ಒತ್ತಬೇಡಿ.

ಬೀಜದ ಹಾಗೆ ಕಾಪಾಡಿ

ಬಿತ್ತನೆ ಬೀಜವನ್ನೆಲ್ಲ ಒಂದೇ ಡಬ್ಬಿಯಲ್ಲಿ ಯಾರೂ ಇಡಲ್ಲ. ಸಿ ಡ್ರೈವ್, ಡಿ ಡ್ರೈವ್ ಎರಡರಲ್ಲೂ ಇಟ್ಟಿದ್ದೀನಿ ಅಂದರೆ ಅದು ಎರಡು ಡಬ್ಬಿ ಅಲ್ಲ. ಹೆಚ್ಚಿನ ಮನೆ ಕಂಪ್ಯೂಟರ್‌ಗಳಲ್ಲಿ ಎರಡೂ ಒಂದೇ ಡಿಸ್ಕ್‌ನ ಭಾಗ. ಕಂಪ್ಯೂಟರ್‌ನಲ್ಲಿ ಒಂದು ಪ್ರತಿ, ಹೊರಗಿನ ಹಾರ್ಡ್ ಡಿಸ್ಕ್‌ನಲ್ಲೋ ಗೂಗಲ್‌ನಲ್ಲೋ ಇನ್ನೊಂದು ಪ್ರತಿ ಇರಲಿ.

ವಾರಕ್ಕೊಂದು ದಿನ ಗೊತ್ತು ಮಾಡ್ಕೊಳ್ಳಿ. ಸೋಮವಾರ ಎತ್ತು ಹೂಡದ ಊರಿನವರು ಎತ್ತಿನ ಜೊತೆ ನೀವೂ ಅರ್ಧ ಗಂಟೆ ಕೂತು ಆ ವಾರದ ಫೋಟೊ ಇಳಿಸಿಕೊಳ್ಳಿ. ಇವತ್ತೇ ಮಾಡಬಹುದಾದ ಕೆಲಸ ಒಂದಿದೆ: ಮನೇಲಿರೋ ಕೇಬಲ್‌ಗಳನ್ನೆಲ್ಲ ಒಂದೊಂದಾಗಿ ಹಾಕಿ ನೋಡಿ, ಫೋಟೊ ಹೋಗೋ ಕೇಬಲ್‌ಗೆ ಕೆಂಪು ದಾರ ಕಟ್ಟಿ ಕಂಪ್ಯೂಟರ್ ಪಕ್ಕದಲ್ಲೇ ಇಡಿ.